ಶಂಭುಲಿಂಗನ ಕಾರಿಗೆ ಮಡ್‌ಗಾರ್ಡು

ಅಕ್ಕಿಆಲೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಶಂಭುಲಿಂಗನ ಬುದ್ಧಿ ಎರಡು ಬಗೆಯದು. ಪರರಿಗೆ ಹೇಳುವಾಗ ಒಂದು, ತನಗೆ ಬಂದಾಗ ಇನ್ನೊಂದು. ರೈತರು ಬಂದು ಈ ಸಲ ಯಾವ ಭತ್ತ ಹಾಕೋಣ ಎಂದು ಕೇಳಿದರೆ, ಅವರ ಮಾತು ಮುಗಿಯುವ ಮೊದಲೇ ಅವನ ಉತ್ತರ ಸಿದ್ಧ. ನೆಲ ಎಂಥದು, ನೀರು ಎಲ್ಲಿಂದ ಎಂದಷ್ಟೇ ವಿಚಾರಿಸಿ ಚೀಲ ತೆಗೆದು ಮುಂದಿಡುತ್ತಾನೆ. ಅವನನ್ನು ನಂಬಿ ಕೆಟ್ಟವರು ಕಡಿಮೆ. ಅದೇ ಮನುಷ್ಯ ತನಗೊಂದು ಅಂಗಿ ಕೊಳ್ಳಬೇಕೆಂದರೆ ಹಾನಗಲ್ಲಿನ ಅಂಗಡಿಗಳಲ್ಲಿ ನೋಡಿ, ಸವಣೂರಿನವರನ್ನು ಕೇಳಿ, ಶಿಗ್ಗಾವಿಯವರ ಅಭಿಪ್ರಾಯ ಪಡೆದು, ಕೊನೆಗೆ ಹಳೆಯ ಅಂಗಿಯನ್ನೇ ಇನ್ನೊಂದು ವರ್ಷ ಹಾಕಿಕೊಳ್ಳುತ್ತಾನೆ.

ಹೆಣ್ಣು ನೋಡಲು ಹೋದಾಗಲೂ ಹೀಗೇ ಆಗಿತ್ತು. ಅವಲಕ್ಕಿ ತಿಂದಾಯಿತು, ಚಹಾ ಕುಡಿದಾಯಿತು, ಹಿರಿಯರೆಲ್ಲ ಇವನ ಮುಖ ನೋಡುತ್ತ ಕುಳಿತರು. ಇವನು ಅವರ ಮುಖ ನೋಡಿದ, ತೊಲೆ ನೋಡಿದ, ಕಡೆಗೆ ಎದುರಿಗೆ ತಲೆ ತಗ್ಗಿಸಿ ಕೂತಿದ್ದ ಹುಡುಗಿಯನ್ನೇ, ತಾನು ಒಪ್ಪಬಹುದೇ ಎಂದು ಕೇಳಿಬಿಟ್ಟ. ಆ ಹುಡುಗಿ ಸಮತಾ. ಒಪ್ಪರಿ ಎಂದಳು, ಇವನು ಒಪ್ಪಿದ. ಅಂದಿನಿಂದ ಮನೆಯಲ್ಲಿ ಯಾವ ತೀರ್ಮಾನ ಬೇಕಾದರೂ ಸಮತಾ ಹೀಗೇ ಒಂದು ಶಬ್ದದಲ್ಲಿ ಮುಗಿಸುತ್ತಾಳೆ. ಅವಳು ತವರಿಗೆ ಹೋದಾಗ ಮಾತ್ರ ಸಂಸಾರ ನಿಂತ ನೀರಾಗುತ್ತದೆ.

ಇಂಥವನು ಕಾರು ಕೊಂಡದ್ದೇ ಒಂದು ಪವಾಡ. ಅದಕ್ಕೆ ಕಾರಣ ಅವನ ತಾಯಿ ವೀರವ್ವ. ವೀರವ್ವನ ಅಕ್ಕ ಮಹಾದೇವಕ್ಕ ಹಿರೇಕೆರೂರಿನಲ್ಲಿ ಮಗನ ಮನೆಯಲ್ಲಿದ್ದಳು. ಅವಳ ಕಣ್ಣು ದಿನೇ ದಿನೇ ಮಂದವಾಗುತ್ತಿತ್ತು. ಹಾವೇರಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು, ಇದು ತಿಳಿಯಾಗುವ ಕಣ್ಣಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದಿನಿಂದ ಫೋನು ಮಾಡಿದಾಗಲೆಲ್ಲ ಮಹಾದೇವಕ್ಕ ಒಂದೇ ಮಾತು ಹೇಳುತ್ತಿದ್ದಳು, ಕಣ್ಣು ಪೂರಾ ಹೋಗುವ ಮೊದಲು ತಂಗಿಯ ಮುಖ ಒಮ್ಮೆ ನೋಡಬೇಕು. ವೀರವ್ವನಿಗೋ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹತ್ತಿಸಿದರೂ ಊರ ಅಗಸಿ ದಾಟುವುದರೊಳಗೆ ಹೊಟ್ಟೆ ತೊಳಸಿ ಕಂಡಕ್ಟರನ ಕೈಯಿಂದ ಇಳಿಸಿಕೊಳ್ಳುತ್ತಿದ್ದಳು. ಕಾರು ತಗೊಳ್ಳರಿ ಎಂದು ಸಮತಾ ಅಂದಳು. ಹುಬ್ಬಳ್ಳಿಯಿಂದ ಒಂದು ಬಿಳಿ ಕಾರು ಬಂತು. ಹಳೆಯದು, ಆದರೆ ಮೈಮೇಲೆ ಗೀರಿಲ್ಲ.

ಪೂಜೆಯ ದಿನ ಗಾಲಿಗೆ ಲಿಂಬೆಹಣ್ಣು ಇಟ್ಟು ಕಾಯಿ ಒಡೆದ ಮೇಲೆ ವೀರವ್ವ ಒಳಗಿನಿಂದ ತನ್ನದೊಂದು ಹಳೆಯ ಚಪ್ಪಲಿ ತಂದಳು. ಉಂಗುಟದ ಬಾರು ಕಿತ್ತದ್ದನ್ನು ಹಸಿರು ದಾರದಿಂದ ತಾನೇ ಹೊಲಿದು ವರ್ಷಗಟ್ಟಲೆ ಮೆಟ್ಟಿದ ಚಪ್ಪಲಿ. ಅದನ್ನು ಕಾರಿನ ಹಿಂದೆ ದೃಷ್ಟಿಗೆಂದು ಕಟ್ಟಿದಳು. ಹೊಸದಾಗಿ ತೊಳೆದ ಬಿಳಿ ಕಾರಿಗೆ ಇದು ಚೆಂದ ಕಾಣುವುದಿಲ್ಲ ಎಂದು ಸಮತಾ ಮೆಲ್ಲಗೆ ಹೇಳಿದ್ದಕ್ಕೆ, ಚೆಂದ ಕಾಣಬಾರದೆಂದೇ ಕಟ್ಟುವುದು ಎಂದಳು. ಮುಂದಿನ ಸೋಮವಾರದ ಪೂಜೆ ಮುಗಿಸಿ ಆ ವಾರದಲ್ಲೇ ಹಿರೇಕೆರೂರಿಗೆ ಹೋಗುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಶಂಭುಲಿಂಗನ ತಲೆಯಲ್ಲಿ ಮಡ್‌ಗಾರ್ಡು ಹೊಕ್ಕಿತು. ಗಾಲಿಯ ಹಿಂದೆ ನೇತುಬಿಡುವ ರಬ್ಬರಿನ ಹಾಳೆ, ಕೆಸರು ಹಾರದಂತೆ ತಡೆಯುವಂಥದು, ಈ ಕಾರಿಗೆ ಇರಲಿಲ್ಲ. ಪಕ್ಕದ ಅಂಗಡಿಯವನು ಸುಮ್ಮನೆ ಮಾತಿಗೆ, ಮಡ್‌ಗಾರ್ಡ್ ಹಾಕಿಸಲಿಲ್ಲವೇ ಎಂದು ಕೇಳಿ ಚಹಾ ಕುಡಿದು ಹೋಗಿಬಿಟ್ಟ. ಇವನ ಊಟ ಅಂದೇ ಕಡಿಮೆಯಾಯಿತು. ಹಾಕಿಸಿದರೆ ಲಾಭವೋ, ಬಿಟ್ಟರೆ ಲಾಭವೋ? ಸಮತಾಳನ್ನು ಕೇಳಬಹುದಿತ್ತು. ಆದರೆ ಅವಳು ತಂಗಿಯ ಮಗಳ ಸೀಮಂತಕ್ಕೆ ತವರಿಗೆ ಹೋಗಿದ್ದಳು. ಫೋನಿನಲ್ಲಿ ಕೇಳಿದರೆ ಬೈದಾಳೆಂಬ ಅಂಜಿಕೆ. ಹಾಗಾಗಿ ತಾಲೂಕು ತಾಲೂಕು ತಿರುಗಿ ಕೇಳಬೇಕಾಯಿತು.

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಸೋದರಮಾವನ ಮಗ, ಅದು ಗಾಳಿ ಹಿಡಿಯುತ್ತದೆ, ಪೆಟ್ರೋಲು ಕುಡಿಯುತ್ತದೆ, ಬೇಡವೇ ಬೇಡ ಎಂದ. ಅವನ ಹತ್ತಿರ ಇದ್ದದ್ದು ಸೈಕಲ್ಲು. ಶಿಗ್ಗಾವಿಯ ಹೈವೇ ಬದಿಯ ಹೋಟೆಲಿನವನು ಇಲ್ಲಿ ಕೆಸರೇ ಇಲ್ಲದ ಮೇಲೆ ಅದರ ಹಂಗೇಕೆ ಎಂದ. ಹಾನಗಲ್ಲ ಕಡೆಯಿಂದ ಬರುವ ಗಾಡಿಗಳನ್ನು ಮಾತ್ರ ನೆತ್ತಿಯ ಮೇಲಿನ ಕೆಸರಿನಿಂದಲೇ ತಾನು ಗುರುತು ಹಿಡಿಯುತ್ತೇನೆ ಎಂದು ಸೇರಿಸಿದ್ದರಿಂದ ಇವನಿಗೆ ಅವನ ಉತ್ತರ ಬೇಕೋ ಬೇಡವೋ ಎಂಬುದೂ ತಿಳಿಯದಾಯಿತು. ಹಾವೇರಿಯ ಹತ್ತಿ ವ್ಯಾಪಾರಿಯೊಬ್ಬ ಹಾಕಿಸಲೇಬೇಕು ಎಂದ. ಹಾಕಿಸದಿದ್ದರೆ ಸಣ್ಣ ಕಲ್ಲು ಬಡಿದು ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ ಎಂದು ತನ್ನ ಕಾರಿನ ಅಡಿ ತೋರಿಸಲು ಇವನನ್ನು ಬಗ್ಗಿಸಿದ. ಬಗ್ಗಿದವನ ನಡು ಹಿಡಿದುಕೊಂಡು, ಇಬ್ಬರು ಹಮಾಲರು ಬಂದು ನೆಟ್ಟಗೆ ಮಾಡಬೇಕಾಯಿತು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಕಚೇರಿಯಲ್ಲಿರುವ ಬಾಲ್ಯದ ಗೆಳೆಯನಂತೂ, ನಮ್ಮ ಹಿರಿಯರ ಚಕ್ಕಡಿಗೆ ಎಲ್ಲಿತ್ತು ಮಡ್‌ಗಾರ್ಡು, ಅವರೇನು ಬಾಳಲಿಲ್ಲವೇ ಎಂದು ಕೇಳಿ ಇವನ ಬಾಯಿ ಮುಚ್ಚಿಸಿದ. ಚಕ್ಕಡಿ ಎತ್ತಿನ ನಡಿಗೆಯಲ್ಲಿ ಹೋಗುತ್ತದೆ ಎಂಬುದು ಇವನಿಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ.

ಇಷ್ಟು ಜನ ಕೂಡಿ ಕಾರಿನ ಹೊಟ್ಟೆ, ಬೆನ್ನು, ಬಣ್ಣ, ಪೆಟ್ರೋಲು ಎಲ್ಲದರ ಕ್ಷೇಮ ವಿಚಾರಿಸಿದರು. ರಸ್ತೆಯ ಬದಿಗೆ ನಡೆದು ಹೋಗುವವರ ಸುದ್ದಿಯನ್ನು ಒಬ್ಬರೂ ತೆಗೆಯಲಿಲ್ಲ. ಕೇಳಲು ಹೋದವನೂ ಕೇಳಲಿಲ್ಲ. ಅವ್ವನನ್ನಾದರೂ ಕೇಳಬಹುದಿತ್ತು, ಊರೊಳಗೆ ನಡೆದೇ ತಿರುಗುವವಳು ಅವಳು. ಆದರೆ ಕಾರಿನ ವಿಷಯ ಅವ್ವನಿಗೆ ಏನು ತಿಳಿದೀತು ಎಂದು ಈ ಜಾಣ ಬಿಟ್ಟುಬಿಟ್ಟ. ತೂಗಿ ತೂಗಿ ನೋಡಿ ಬೇಡ ಎಂಬ ಕಡೆಗೆ ತಕ್ಕಡಿ ವಾಲಿತು.

ಆ ಸೋಮವಾರ ಬೆಳಿಗ್ಗೆ, ಶ್ರಾವಣದ ಜಡಿಮಳೆ ಒಂದಿಷ್ಟು ಬಿಡುವು ಕೊಟ್ಟಾಗ, ಶಂಭುಲಿಂಗ ಹಾನಗಲ್ಲಿಗೆ ಹೊರಟಿದ್ದ. ಫೋನನ್ನು ಮುಂದೆ ಸಿಕ್ಕಿಸಿ ಸವಣೂರಿನ ಸೋದರಮಾವನ ಮಗನ ಜೊತೆ ಮಾತಾಡುತ್ತಿದ್ದ. ಮಡ್‌ಗಾರ್ಡು ಯಾಕೆ ಬೇಡವೆಂದು ತಾನು ತೀರ್ಮಾನಿಸಿದೆ ಎಂಬುದನ್ನು, ಆ ತೀರ್ಮಾನ ಕೊಟ್ಟವನಿಗೇ ವಿವರಿಸುತ್ತಿದ್ದ. ಅಕ್ಕಿ ಗಿರಣಿಯ ಮುಂದೆ ಭತ್ತದ ಲಾರಿಗಳು ತುಳಿದು ತುಳಿದು ರಸ್ತೆ ಹೊಂಡವಾಗಿದೆ. ಮಳೆಗಾಲದಲ್ಲಿ ಅಲ್ಲಿ ಎಮ್ಮೆ ಬಿದ್ದುಕೊಳ್ಳಬಹುದು. ಮಾತಿನ ಭರದಲ್ಲಿ ಇವನು ವೇಗ ತಗ್ಗಿಸಲಿಲ್ಲ. ಗಾಲಿ ಹೊಂಡಕ್ಕಿಳಿಯಿತು, ಕೆಸರು ಎದ್ದಿತು, ರಸ್ತೆಯ ಬದಿಯಲ್ಲಿ ಯಾರೋ ನಿಂತಂತಾಯಿತು. ಕನ್ನಡಿಯಲ್ಲಿ ನೋಡಿದ.

ಮಠಕ್ಕೆ ಪತ್ರಿ ಏರಿಸಿ ಬರುತ್ತಿದ್ದ ಹೆಂಗಸು. ಮಡಿಯಾಗಿ ಉಟ್ಟ ಇಳಕಲ್ಲ ಸೀರೆ ತಲೆಯ ಸೆರಗಿನವರೆಗೆ ಕೆಂಪು ಕೆಸರಾಗಿತ್ತು. ಹಣೆಯ ವಿಭೂತಿ ಕಾಣುತ್ತಿರಲಿಲ್ಲ. ಕೈಯಲ್ಲಿ ಹಿಡಿದ ಹಿತ್ತಾಳೆಯ ತಾಟಿನಲ್ಲಿ ಪ್ರಸಾದದ ಬಾಳೆಹಣ್ಣು ಕೆಸರಿನಲ್ಲಿ ಮಿಂದಿತ್ತು. ಆ ಸೀರೆಯನ್ನು ಉಗಾದಿಗೆ ಅವ್ವನಿಗೆ ತಂದುಕೊಟ್ಟವನು ತಾನೇ. ಬಣ್ಣ ಆರಿಸಲು ಊರೆಲ್ಲ ಕೇಳಿದ್ದರಿಂದ ಅದು ಮರೆಯುವಂತಿರಲಿಲ್ಲ.

ನಿಲ್ಲಿಸಬೇಕಿತ್ತು. ಇದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಐವತ್ತು ದಾಟಿದ ಆ ಗಂಡಸಿಗೆ ಆ ಗಳಿಗೆಯಲ್ಲಿ ಎಂಟು ವರ್ಷದ ಹುಡುಗನ ಅಂಜಿಕೆ ಬಂತು. ಬ್ರೇಕಿನ ಮೇಲೆ ಇರಬೇಕಾದ ಕಾಲು ಇನ್ನೊಂದರ ಮೇಲೆ ಬಿತ್ತು. ಹಾನಗಲ್ಲು ಬರುವವರೆಗೂ ಸವಣೂರಿನವನು ಫೋನಿನಲ್ಲಿ ಹಲೋ ಹಲೋ ಅನ್ನುತ್ತಲೇ ಇದ್ದ.

ಮಧ್ಯಾಹ್ನ ಕಾರು ತೊಳೆಸಿಕೊಂಡು, ಏನೂ ಅರಿಯದವನಂತೆ ಮನೆಗೆ ಬಂದ. ವೀರವ್ವ ಎರಡನೆಯ ಸಲ ತಲೆಯ ಮೇಲೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ನಡೆದದ್ದನ್ನೆಲ್ಲ ನಿಧಾನವಾಗಿ ಹೇಳಿದಳು. ಬಿಳಿ ಕಾರು, ಅಷ್ಟು ಕಂಡಿತಂತೆ. ಬಿಳಿ ಕಾರು ಈಗ ಊರ ತುಂಬ ಆಗಿವೆ ಎಂದು ಶಂಭುಲಿಂಗ ನೆಲ ನೋಡುತ್ತ ಅಂದ. ಆಗಲಿ ಎಂದಳು. ಆಮೇಲೆ ಒಂದು ಮಾತು ಹೇಳಿದಳು.

"ಆ ಕಾರಿನಂವ ನನ್ನ ಮುಂದ ಬಂದು ತಪ್ಪಾತು ಅನ್ನೂತನಕಾ ನಾ ಯಾ ಕಾರನ್ಯಾಗೂ ಕುಂಡ್ರಂಗಿಲ್ಲ. ನಿಂದ್ರಾಗೂ ಕುಂಡ್ರಂಗಿಲ್ಲ."

ಮತ್ತೆ ಹಿರೇಕೆರೂರು, ದೊಡ್ಡವ್ವ, ಅವಳ ಕಣ್ಣು ಎಂದು ಶಂಭುಲಿಂಗ ತೊದಲಿದ. ಅದು ಆ ಕಾರಿನವನಿಗೆ ಬಿಟ್ಟದ್ದು ಎಂದು ವೀರವ್ವ ಕೂದಲು ಝಾಡಿಸಿದಳು. ಅವಳು ಒಮ್ಮೆ ಅಂದದ್ದನ್ನು ಹಿಂತೆಗೆದುಕೊಂಡ ದಾಖಲೆ ಆ ಮನೆತನದಲ್ಲಿ ಇಲ್ಲ. ಗಂಡ ಬದುಕಿದ್ದಾಗ ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಯಿತೆಂದಿದ್ದಕ್ಕೆ, ಅವನು ತಾನಾಗಿ ಕೇಳುವವರೆಗೂ ಉಪ್ಪೇ ಇಲ್ಲದ ಸಾರು ಮಾಡಿದ್ದಳು. ಅವನು ಕೇಳಲು ಒಂದು ಪೂರ್ತಿ ಚಳಿಗಾಲ ತೆಗೆದುಕೊಂಡಿದ್ದ.

ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಹೇಳುವುದಕ್ಕಿಂತ ಸುಲಭದ ದಾರಿ ಇದ್ದರೆ ಅದನ್ನೇ ಹಿಡಿಯುವುದು ಮನುಷ್ಯನ ಗುಣ, ಶಂಭುಲಿಂಗನದು ಇನ್ನೂ ಹೆಚ್ಚು. ಮರುದಿನವೇ ಹಾನಗಲ್ಲಿಗೆ ಹೋಗಿ ಮಲ್ಲಿಕಸಾಬನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಮಡ್‌ಗಾರ್ಡು ಹಾಕು ಎಂದ. ಮಲ್ಲಿಕಸಾಬನಿಗೆ ಅಂಗಡಿಯ ಸಿದ್ಧ ಮಾಲಿನ ಮೇಲೆ ನಂಬಿಕೆಯಿಲ್ಲ. ಅಕ್ಕಿ ಗಿರಣಿಗಳಲ್ಲಿ ತಿರುಗಿ ತಿರುಗಿ ಸವೆದ ದಪ್ಪ ರಬ್ಬರ್ ಪಟ್ಟಾ ತಂದು, ಅದನ್ನೇ ಕತ್ತರಿಸಿ ಹಾಕುತ್ತಾನೆ. ಅವನ ಗ್ಯಾರೇಜಿಗೆ ಬಂದ ಯಾವ ಗಾಡಿಯೂ ಗಿರಣಿ ಪಟ್ಟಾ ಇಲ್ಲದೆ ಹೊರಗೆ ಹೋದದ್ದಿಲ್ಲ. ಬಿಟ್ಟರೆ ಕೂಡುವ ಕುರ್ಚಿಗೂ ಹಾಕಿಯಾನು. ಪಟ್ಟಾ ಎಷ್ಟು ದಪ್ಪ, ಎಷ್ಟು ಉದ್ದ ಎಂದರೆ ರಸ್ತೆಯ ಹಂಪು ಬಂದಲ್ಲೆಲ್ಲ ಬರ್ರೆಂದು ನೆಲ ಉಜ್ಜುತ್ತಿತ್ತು. ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದು ಮಲ್ಲಿಕಸಾಬ ಅದನ್ನು ಪ್ರೀತಿಯಿಂದ ತಟ್ಟಿದ.

ಅಲ್ಲಿಗೇ ಮುಗಿಸಿದ್ದರೂ ಆಗುತ್ತಿತ್ತು. ಪಕ್ಕದಲ್ಲೇ ಬೋರ್ಡು ಬರೆಯುವ ಮುಬಶೀರನ ಅಂಗಡಿ. ಇಷ್ಟು ಒಳ್ಳೆಯ ಕರೀ ರಬ್ಬರನ್ನು ಖಾಲಿ ಬಿಡುವುದುಂಟೇ, ಏನಾದರೂ ಬರೆಸಿ ಎಂದು ಅವನು ಬ್ರಶ್ ಹಿಡಿದು ಬಂದ. ಉಳಿದವರು ಏನು ಬರೆಸುತ್ತಾರೆ ಎಂದು ಶಂಭುಲಿಂಗ ಕೇಳಿದ, ಅವನು ಬೇರೆ ಏನು ಕೇಳಿಯಾನು. ಟ್ರ್ಯಾಕ್ಟರಿನವರು, ಲಾರಿಯವರು ಹೆಚ್ಚಾಗಿ ಅವ್ವನ ಆಶೀರ್ವಾದ ಅಂತ ಬರೆಸುತ್ತಾರೆ ಎಂದ ಮುಬಶೀರ. ಶಂಭುಲಿಂಗನ ಎದೆಯಲ್ಲಿ ಇದ್ದದ್ದೂ ಅದೇ ಅವ್ವ. ಇದಕ್ಕಿಂತ ಒಳ್ಳೆಯ ಪರಿಹಾರ ಎಲ್ಲಿದ್ದೀತು ಎನಿಸಿತು. ಎಡಗಡೆಯ ಹಾಳೆಯ ಮೇಲೆ ಅವ್ವನ, ಬಲಗಡೆಯದರ ಮೇಲೆ ಆಶೀರ್ವಾದ, ಹಳದಿ ಬಣ್ಣ, ಕೆಂಪು ನೆರಳು. ಟ್ರ್ಯಾಕ್ಟರಿನವರು ಅದನ್ನು ನೆತ್ತಿಯ ಮೇಲೆ ಬರೆಸುತ್ತಾರೆ, ಗಾಲಿಯ ಬುಡದಲ್ಲಿ ಅಲ್ಲ ಎಂಬುದು ಬರೆದವನಿಗೂ ಹೊಳೆಯಲಿಲ್ಲ, ಬರೆಸಿದವನಿಗೂ ಹೊಳೆಯಲಿಲ್ಲ.

ಕಾರು ಬರ್ರೆನ್ನುತ್ತ ಓಣಿಗೆ ಬಂದಾಗ ನಾಯಿಗಳೆಲ್ಲ ಬೆನ್ನಟ್ಟಿ ಬಂದವು. ವೀರವ್ವ ಕಟ್ಟೆಗೆ ಬಂದು ನಿಂತಳು. ಶಂಭುಲಿಂಗ ಹೆಮ್ಮೆಯಿಂದ ಅವಳನ್ನು ಕಾರಿನ ಹಿಂದೆ ಕರೆದುಕೊಂಡು ಹೋದ. ಹಾನಗಲ್ಲಿನಿಂದ ಬರುವಷ್ಟರಲ್ಲೇ ಅಕ್ಷರಗಳ ಮೇಲೆಲ್ಲ ಕೆಸರು ಕೂತಿತ್ತು. ವೀರವ್ವ ಕನ್ನಡ ಸಾಲೆಯಲ್ಲಿ ಒಂದೆರಡು ವರ್ಷ ಕಲಿತವಳು. ಬೆರಳಿನಿಂದ ಕೆಸರು ಸರಿಸಿ ಕೂಡಿಸಿ ಕೂಡಿಸಿ ಓದಿದಳು. ಎಡಗಡೆಯದು ಓದಿದಾಗ ಮುಖ ಅರಳಿತು. ಬಲಗಡೆಯದು ಓದಿ ಮುಗಿಸಿದಾಗ ಅರಳಿದ್ದೆಲ್ಲ ಮುಚ್ಚಿಹೋಯಿತು. ನನ್ನ ಆಶೀರ್ವಾದವನ್ನು ಗಾಲಿಯ ಹೊಲಸು ತಡೆಯಲು ಕಟ್ಟಿದೆಯಾ ಎಂದು ಕೇಳಿದಳು.

ಶಂಭುಲಿಂಗನಿಗೆ ಜೀವಮಾನದಲ್ಲಿ ಅಪರೂಪಕ್ಕೆ ಒಂದು ವಾದ ಹೊಳೆಯಿತು. ಅದೇ ಕಾರಿನ ಹಿಂದೆ, ಅದೇ ಎತ್ತರದಲ್ಲಿ, ಅವಳದೇ ಚಪ್ಪಲಿ ನೇತಾಡುತ್ತಿತ್ತಲ್ಲ. ಅದು ನಡೆದರೆ ಇದೇಕೆ ನಡೆಯದು ಎಂದ. ವೀರವ್ವ ಚಪ್ಪಲಿಯನ್ನೂ ಮಗನನ್ನೂ ಒಂದೊಂದು ಸಲ ನೋಡಿದಳು.

"ಚಪ್ಪಲಿ ಕಾಲಾಗಿಂದು, ಕಾಲಿನ ಜಾಗಾದಾಗ ಐತಿ. ಆಶೀರ್ವಾದ ತಲಿ ಮ್ಯಾಲಿಂದು. ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಈಗ ಶಂಭುಲಿಂಗನ ಸ್ಥಿತಿ ನೋಡುವಂತಿತ್ತು. ಮರುದಿನ ಮುಬಶೀರನ ಹತ್ತಿರ ಹೋಗಿ ಅಕ್ಷರ ಅಳಿಸು ಎಂದ. ಮುಬಶೀರ ಎರಡೂ ಕಿವಿ ಹಿಡಿದುಕೊಂಡ. ಅವ್ವ ಎಂದು ಬರೆದ ಕೈಯಿಂದಲೇ ಅದನ್ನು ಅಳಿಸಲಾರೆ, ಬೇಕಾದರೆ ಮತ್ತೊಂದು ಸಲ ಬಣ್ಣ ಹಚ್ಚಿ ಇನ್ನಷ್ಟು ದಪ್ಪ ಮಾಡಿಕೊಡುತ್ತೇನೆ ಎಂದ. ಮಲ್ಲಿಕಸಾಬನ ಹತ್ತಿರ ಹೋಗಿ ಬಿಚ್ಚು ಎಂದ. ಮಲ್ಲಿಕಸಾಬ ಪಾನಾ ಕೈಯಲ್ಲಿ ಹಿಡಿದು ಒಂದು ಪ್ರಶ್ನೆ ಕೇಳಿದ.

"ಬಿಚ್ಚೂದೇನ ದೊಡ್ಡದಲ್ರಿ ಸಾವಕಾರ್ರ. ಬಿಚ್ಚಿದ ಅವ್ವನ್ನ ಎಲ್ಲಿ ಇಡ್ತೀರಿ?"

ಗುಜರಿಗೆ ಎಸೆಯುವಂತಿಲ್ಲ. ಅಂಗಡಿಯಲ್ಲಿಟ್ಟರೆ ಗೊಬ್ಬರದ ಚೀಲ ಬೀಳುತ್ತವೆ. ಜಗಲಿಯ ಮೇಲೆ ದೇವರ ಪಕ್ಕ ಗಿರಣಿ ಪಟ್ಟಾ ಇಡುವಂತಿಲ್ಲ. ಇದ್ದಂತೆ ಬಿಟ್ಟರೆ ಅವ್ವ ಹತ್ತುವುದಿಲ್ಲ. ತೆಗೆದರೂ ಹತ್ತುವುದಿಲ್ಲ, ಯಾಕೆಂದರೆ ಮೊದಲಿನ ಶಪಥ ಹಾಗೇ ಕೂತಿತ್ತು. ಮಡ್‌ಗಾರ್ಡು ಹಾಕಿಸಬೇಕೋ ಬೇಡವೋ ಎಂದು ಕೇಳುತ್ತ ತಿರುಗಿದವನು ಈಗ ತೆಗೆಸಬೇಕೋ ಬೇಡವೋ ಎಂದು ತಿರುಗಬೇಕಾಯಿತು. ಸವಣೂರಿನವನು ಫೋನು ಎತ್ತುವುದನ್ನೇ ಬಿಟ್ಟ.

ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಪುರಾಣ. ವೀರವ್ವ ರೊಟ್ಟಿ ಬಡಿಯುತ್ತ ಆ ಕಾರಿನವನನ್ನು ಬೈಯುತ್ತಿದ್ದಳು. ಅವಳ ಬೈಗುಳಕ್ಕೆ ಒಂದು ವಿಚಿತ್ರ ಅಳತೆ ಇತ್ತು. ಅವನ ಹೆಂಡತಿ, ಮಕ್ಕಳ ತಂಟೆಗೆ ಹೋಗುತ್ತಿರಲಿಲ್ಲ. ಅವನ ಕಣ್ಣಿಗೆ, ಕಾಲಿಗೆ, ಬುದ್ಧಿಗೆ ಒಂದಿಷ್ಟು ಬೈದು, ಕೊನೆಗೆ ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತಿದ್ದಳು.

"ಅಂವಗ ಅಂದು ಏನ ಮಾಡೂದು? ಅವನ್ನ ಹಡದಾಕಿ ಎಂಥಾಕಿ ಇದ್ದಾಳು. ಆಕೀನ ಅವನ್ನ ಸರಿಯಾಗಿ ಬೆಳಸಿಲ್ಲ."

ಶಂಭುಲಿಂಗ ಬದನೆಕಾಯಿ ಪಲ್ಯವನ್ನು ತಾಟಿನ ಅಂಚಿಗೆ ಸರಿಸುತ್ತಿದ್ದ. ಹಾಗೆ ಅನ್ನಬೇಡ ಅವ್ವಾ, ಪಾಪ, ಅವಳೇನು ಮಾಡಿಯಾಳು, ಒಳ್ಳೆಯವಳೇ ಇರಬೇಕು ಎಂದು ಬೇಡಿಕೊಳ್ಳುತ್ತಿದ್ದ. ನಿನಗ್ಯಾಕೆ ಆಕೆಯ ಮೇಲೆ ಇಷ್ಟು ಕರುಣೆ ಎಂದು ಕೇಳಿ ವೀರವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಆಗ ಅವಳ ತುಟಿಯ ಮೂಲೆಯಲ್ಲಿ ಏನೋ ಇರುತ್ತಿತ್ತು. ತಾಟು ನೋಡುತ್ತ ಉಣ್ಣುವವನಿಗೆ ಅದು ಕಾಣಲಿಲ್ಲ.

ಸಮತಾ ತವರಿನಿಂದ ಬಂದಳು. ಆ ರಾತ್ರಿಯೇ ಶಂಭುಲಿಂಗ ಅವಳ ಮುಂದೆ ಎಲ್ಲ ಬಿಚ್ಚಿಟ್ಟು, ಅವ್ವನಿಗೆ ಹೇಳಲೋ ಬೇಡವೋ ಎಂದು ಕೇಳಿದ. ಹೇಳರಿ ಎಂಬ ಒಂದು ಶಬ್ದಕ್ಕೆ ಕಾದು ಕೂತ. ಮದುವೆಯಾದಾಗಿನಿಂದ ಮೊದಲ ಸಲ ಸಮತಾ ಉತ್ತರ ಕೊಡಲಿಲ್ಲ. ಇದನ್ನು ನನ್ನನ್ನು ಕೇಳಬೇಡಿ ಎಂದು ಮಗ್ಗುಲು ತಿರುಗಿ ಮಲಗಿಬಿಟ್ಟಳು.

ಮರುದಿನ ಮುಂಜಾನೆ ಹಿರೇಕೆರೂರಿನಿಂದ ಫೋನು ಬಂತು. ವೀರವ್ವ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಫೋನನ್ನು ಮೊರದ ಅಂಚಿಗೆ ಆನಿಸಿ ಇಟ್ಟಿದ್ದರಿಂದ ಮಹಾದೇವಕ್ಕನ ಮಾತು ಒಳಗಿನವರೆಗೂ ಕೇಳುತ್ತಿತ್ತು. ನಿನ್ನೆಯಿಂದ ದೀಪ ಮಸುಕಾಗಿ ಕಾಣುತ್ತಿದೆಯಂತೆ. ಸೊಸೆ ಬಂದರೆ ನಡೆಯಿಂದ ಗುರುತು ಹಿಡಿಯುತ್ತಾಳಂತೆ, ಮುಖದಿಂದ ಅಲ್ಲ. ಬರುತ್ತೀಯೋ ಇಲ್ಲವೋ ಹೇಳಿಬಿಡು, ಸುಮ್ಮನೆ ಬಾಗಿಲು ನೋಡುವುದನ್ನಾದರೂ ಬಿಡುತ್ತೇನೆ ಎಂದಳು. ಬರ್ತೇನಿ ಅಕ್ಕಾ ಎಂದಳು ವೀರವ್ವ. ಅವಳ ದನಿ ಎಂದಿನಂತೆ ಇರಲಿಲ್ಲ. ಫೋನು ಇಟ್ಟ ಮೇಲೆ ಅಕ್ಕಿಯಲ್ಲಿ ಕೈಯಾಡಿಸುತ್ತ ಕೂತಳು, ಆದರೆ ಕಲ್ಲು ಆರಿಸುತ್ತಿರಲಿಲ್ಲ.

ಶಂಭುಲಿಂಗ ಬಾಗಿಲಲ್ಲಿ ನಿಂತು ಇದನ್ನು ನೋಡಿದ. ಚಪ್ಪಲಿ ಮೆಟ್ಟುವುದನ್ನೂ ಮರೆತು ಕಟ್ಟೆಗೆ ಬಂದು ಅವಳೆದುರು ನಿಂತ.

"ಅವ್ವಾ, ನಿನ್ನ ಮ್ಯಾಲೆ ಕೆಸರ ಸಿಡಿಸಿದಾಂವ ನಾನ. ತಪ್ಪಾತು."

ವೀರವ್ವ ಮೊರದಿಂದ ಒಂದು ಕಲ್ಲು ಹುಡುಕಿ ಅಂಗಳಕ್ಕೆ ಎಸೆದಳು.

"ಗೊತ್ತೈತಿ," ಎಂದಳು. "ಕಾರ ಮುಂದ ಹೋತು, ಹಿಂದ ಚಪ್ಪಲಿ ನೇತಾಡಕೊಂತ ಹೋತು. ಹಸರ ದಾರ ಹಾಕಿ ನಾನ ಹೊಲದ ಚಪ್ಪಲಿ, ನನಗ ಗುರ್ತ ಸಿಗಂಗಿಲ್ಲ?"

ಶಂಭುಲಿಂಗ ಮೆಟ್ಟಿಲ ಮೇಲೆ ಕೂತ. ಇಷ್ಟು ದಿನ ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನೀ ಊರ ಮಂದೀನ್ನೆಲ್ಲಾ ಕೇಳಿ ಮಾಡಾಂವ. ಇದೊಂದರ ಯಾರನ್ನೂ ಕೇಳದ ಮಾಡ್ತಿಯೇನಂತ ಕಾಯ್ಕೊಂತ ಕುಂತಿದ್ದೆ. ನಿನ್ನ ಹೇಣ್ತಿಗೂ ಬಾಯಿ ಮುಚ್ಕೊಂಡಿರು ಅಂತ ಹೇಳಿದ್ದೆ."

ಹಾಗಾದರೆ ಹಡೆದವಳನ್ನು ಬೈದದ್ದು, ಎಂದು ಶಂಭುಲಿಂಗ ಕೇಳಿದ.

"ಬೈಯಾಕ ಬೇಕಲ್ಲ. ನಿನ್ನ ಬೆಳಸಿದಾಕಿ ನಾನ. ನನ್ನ ಪಾಲಿಂದು ನಾ ತಗೊಂಡೇನಿ."

ಶಂಭುಲಿಂಗನಿಗೆ ಅಳುವೂ ಬಂತು, ನಗೆಯೂ ಬಂತು. ಓಣಿಯಲ್ಲಿ ಹೋಗುವವರು ನೋಡುತ್ತಾರೆಂಬ ಪರಿವೆಯಿಲ್ಲದೆ ಎರಡನ್ನೂ ಒಟ್ಟಿಗೆ ಮಾಡಿದ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಆ ಮಡ್‌ಗಾರ್ಡನ್ನು ಏನು ಮಾಡಲಿ ಅವ್ವಾ ಎಂದು ಕೇಳಿದ. ಎಲ್ಲರಿಗಿಂತ ಮೊದಲು ಯಾರನ್ನು ಕೇಳಬೇಕಿತ್ತೋ ಅವಳನ್ನು ಕಡೆಗೂ ಕೇಳಿದಂತಾಯಿತು. ಇರಲಿ ಬಿಡು, ಇನ್ನೊಬ್ಬಳ ಮೇಲೆ ಸಿಡಿಯುವುದು ಬೇಡ ಎಂದಳು ವೀರವ್ವ. ಮತ್ತೆ ಅದರ ಮೇಲಿನ ಅಕ್ಷರ? ಅದು ನನ್ನ ಹೆಸರಿನದು, ನಾನು ನೋಡಿಕೊಳ್ಳುತ್ತೇನೆ ಎಂದು ಮೊರ ಎತ್ತಿಕೊಂಡು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಕೆಸರಾದ ಅದೇ ಇಳಕಲ್ಲ ಸೀರೆ, ತೊಳೆದು ಮಡಿಕೆ ಹಾಕಿಟ್ಟದ್ದು. ಹೊರಡುವಾಗ ಸಮತಾ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿ ನಕ್ಕಳು.

ವೀರವ್ವ ಮುಂದಿನ ಸೀಟಿನಲ್ಲಿ ಕೂತಳು. ಹೊಟ್ಟೆ ತೊಳಸದಿರಲೆಂದು ಕೈಯಲ್ಲಿ ಒಂದು ಲಿಂಬೆಹಣ್ಣು. ತಿಳವಳ್ಳಿ ದಾಟುವಾಗ ಮಳೆ ಮತ್ತೆ ಹಿಡಿಯಿತು. ಹಂಸಭಾವಿಯ ಈಚೆ ರಸ್ತೆಯಲ್ಲೊಂದು ಹೊಂಡ, ಅದರ ಬದಿಗೆ ಹುಲ್ಲಿನ ಹೊರೆ ಹೊತ್ತ ಒಬ್ಬಳು ಹೆಂಗಸು. ಶಂಭುಲಿಂಗ ಕಾರು ಪೂರ್ತಿ ನಿಲ್ಲಿಸಿದ. ಕಾರು ಹೋಗಲಿ ಎಂದು ಅವಳು ನಿಂತಳು. ಅವಳು ಹೋಗಲಿ ಎಂದು ಇವನು ಕಾದ. ಹಿಂದೆ ಬಂದ ಟ್ರ್ಯಾಕ್ಟರಿನವನು ಹಾರ್ನು ಹೊಡೆಯತೊಡಗಿದ. ಕಡೆಗೆ ವೀರವ್ವ ಕಿಟಕಿಯಿಂದ ತಲೆ ಹೊರಹಾಕಿ, ನೀನು ದಾಟುವವರೆಗೆ ಇವನು ಕದಲುವುದಿಲ್ಲ, ಹೋಗವ್ವ ತಾಯಿ ಎಂದು ಹೇಳಿ ಅವಳನ್ನು ಕಳಿಸಿಕೊಟ್ಟಳು.

ಹಿರೇಕೆರೂರಿನ ಮನೆಯ ಮುಂದೆ ಕಾರು ನಿಂತಾಗ ಮಳೆ ನಿಂತಿತ್ತು. ಮಹಾದೇವಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು, ಇನ್ನೊಂದು ಕೈಯಲ್ಲಿ ಬಂದವರ ಕಾಲಿಗೆಂದು ತುಂಬಿದ ತಂಬಿಗೆ. ಅದನ್ನು ಕೆಳಗಿಟ್ಟು ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ಬಹಳ ಹೊತ್ತು ನೋಡಿದಳು. ಹಣೆ ನೋಡಿದಳು, ಕೆನ್ನೆ ನೋಡಿದಳು, ಮೂಗುಬಟ್ಟು ಮುಟ್ಟಿ ನೋಡಿದಳು. ನೀನೂ ಮುದುಕಿಯಾಗಿದ್ದೀಯಲ್ಲ ಎಂದು ನಕ್ಕಳು. ಇಬ್ಬರ ಕಣ್ಣಲ್ಲೂ ನೀರು ತುಂಬಿದ್ದರಿಂದ, ಯಾರಿಗೆ ಯಾರು ಎಷ್ಟು ಕಂಡರೋ ಹೇಳುವುದು ಕಷ್ಟ.

ಆಮೇಲೆ ವೀರವ್ವ ತಂಬಿಗೆ ಎತ್ತಿಕೊಂಡು ಕಾಲ ಮೇಲೆ ಒಂದಿಷ್ಟು ನೀರು ಹಾಕಿಕೊಂಡಳು. ಉಳಿದದ್ದನ್ನು ಹಿಡಿದು ಕಾರಿನ ಹಿಂದೆ ಹೋದಳು. ದಾರಿಯ ಕೆಸರೆಲ್ಲ ಮಡ್‌ಗಾರ್ಡಿನ ಮೇಲೆ ಕೂತು ಅಕ್ಷರ ಒಂದೂ ಕಾಣುತ್ತಿರಲಿಲ್ಲ. ನೋಯುವ ಮೊಣಕಾಲನ್ನು ನಿಧಾನ ಮಡಚಿ, ಬಗ್ಗಿ, ಎಡಗಡೆಯ ಹಾಳೆಯ ಮೇಲೆ ನೀರು ಸುರಿದು ಅಂಗೈಯಿಂದ ಉಜ್ಜಿದಳು. ಅವ್ವನ ಎಂಬುದು ಹಳದಿಯಾಗಿ ಹೊರಬಂತು. ಸಪ್ಪಳ ಕೇಳಿ ಮಹಾದೇವಕ್ಕ, ಅದೇನು ಗಾಲಿಗೆ ನೀರು ಹಾಕುತ್ತಿದ್ದೀ ಎಂದು ಕೇಳಿದಳು.

"ಗಾಲಿಗಲ್ಲಬೇ ಅಕ್ಕಾ. ಇಲ್ಲಿ ನನ್ನ ಆಶೀರ್ವಾದ ಐತಿ. ಅದೂ ನನ್ನ ಜೋಡಿ ಕೆಸರ ತುಳಕೊಂತ ಬಂದೈತಿ. ಅದಕ್ಕೂ ಕಾಲಿಗೆ ನೀರ ಕೊಡಬೇಕಲ್ಲ."

ಬಲಗಡೆಯ ಹಾಳೆಗೆ ಬರುವಷ್ಟರಲ್ಲಿ ತಂಬಿಗೆ ಖಾಲಿಯಾಗಿತ್ತು. ಶಂಭುಲಿಂಗ ಯಾರನ್ನೂ ಕೇಳದೆ ತಂಬಿಗೆ ತೆಗೆದುಕೊಂಡು ನೀರಿಗೆ ಒಳಗೆ ಹೋದ.